ತಿದಿ ಹರಿದ ಶ್ರುತಿಪೆಟ್ಟಿಗೆಯೊಡನೆ ತೀರ್ಥಹಳ್ಳಿಗೆ

ಬಸ್ಸು ಸಾಗರ ಬಿಡುವ ಮೊದಲೇ ನನಗೂ ಕಂಡಕ್ಟರನಿಗೂ ಜಗಳವಾಯಿತು. ಕಾರಣ ನನ್ನ ಶ್ರುತಿಪೆಟ್ಟಿಗೆ. ಮಡಿಲಲ್ಲಿಟ್ಟುಕೊಂಡೇ ಕೂರುತ್ತೇನೆಂದು ನಾನು, ಬಸ್ಸಿನ ಮೇಲೆ ಹಾಕಿಯೇ ತೀರುತ್ತೇನೆಂದು ಅವನು.

"ಅಮ್ಮಾ, ಒಳಗೆ ಜನಕ್ಕೇ ಉಸಿರಾಡಾಕೆ ಜಾಗ ಇಲ್ಲ. ಮೇಲೆ ಕೊಡಿ. ಟಾರ್ಪಾಲು ಹೊದಿಸ್ತೀವಿ, ಎಂತದೂ ಆಗಲ್ಲ."

"ಎಂತದಾದ್ರೂ ಆದ್ರೆ ನಿನ್ನ ಗಂಟಲಿಂದಲೇ ಶ್ರುತಿ ಹಿಡಿಸ್ತೀನಿ ನೋಡು" ಎಂದೆ. ಬಸ್ಸಿನಲ್ಲಿದ್ದವರೆಲ್ಲ ನಕ್ಕರು. ಪೆಟ್ಟಿಗೆ ಮೇಲೆ ಹೋಯಿತು.

ಅವನ ಮಾತೂ ಸುಳ್ಳಲ್ಲ. ಲಿಂಗನಮಕ್ಕಿಯಲ್ಲಿ ಕಟ್ಟೆ ಎದ್ದ ಕಾಲ ಅದು. ಮುಳುಗಡೆಯ ಊರುಗಳಿಂದ ಎದ್ದ ಜನ ಸಿಕ್ಕಿದ ಬಸ್ಸಿಗೆ ಸಂಸಾರ ಹೇರುತ್ತಿದ್ದರು. ನಮ್ಮ ಬಸ್ಸಿನ ತಲೆಯ ಮೇಲೆ ಒಂದು ತೊಟ್ಟಿಲು, ಬಿಚ್ಚಿ ತಂದ ಎರಡು ಬಾಗಿಲು, ಸೀರೆಯಲ್ಲಿ ಸುತ್ತಿದ ಒಂದು ಒರಳುಕಲ್ಲು ಇದ್ದವು. ಓದುವ ಕನ್ನಡಕವೂ ಭದ್ರವಾಗಿರಲಿ ಎಂದು ಅದನ್ನು ಶ್ರುತಿಪೆಟ್ಟಿಗೆಯ ಗವಸಿನೊಳಗೇ ಇಟ್ಟಿದ್ದೆ. ನನ್ನ ಜಾಣತನವನ್ನು ಎಷ್ಟು ಹೊಗಳಿದರೂ ಕಡಿಮೆ.

ಪಕ್ಕದಲ್ಲಿ ಕಿಟಕಿಗೆ ಒತ್ತಿಕೊಂಡು ಕೂತವಳು ಪದ್ಮಾವತಿ. ಎಂಟು ವರ್ಷದ ಹುಡುಗಿ. ಅವಳನ್ನು ತೀರ್ಥಹಳ್ಳಿಯಲ್ಲಿ ಅಪ್ಪ ಅಮ್ಮನ ಕೈಗೆ ಒಪ್ಪಿಸುವುದೇ ನನ್ನ ಪ್ರಯಾಣದ ಉದ್ದೇಶ. ಬರೀ ಒಪ್ಪಿಸುವುದಾಗಿದ್ದರೆ ಇಷ್ಟೆಲ್ಲ ಬರೆಯುತ್ತಿರಲಿಲ್ಲ.

ಪದ್ಮಾವತಿಗೆ ಮಾತಿನ ಮೊದಲ ಅಕ್ಷರ ಗಂಟಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. 'ನೀರು' ಎನ್ನಬೇಕಾದರೆ ಕತ್ತಿನ ನರ ಉಬ್ಬುತ್ತಿತ್ತು. ತನ್ನ ಹೆಸರಂತೂ ಅವಳ ಬಾಯಿಂದ ಹೊರಟದ್ದನ್ನು ಮನೆಯವರೂ ಕೇಳಿರಲಿಲ್ಲ. ನಮ್ಮ ಶಾಲೆಗಳಲ್ಲಿ ಓದು ಎಂದರೆ ಗಟ್ಟಿಯಾಗಿ ಓದುವುದು. ಎದ್ದು ನಿಂತು ಓದದವಳಿಗೆ ಅಕ್ಷರವೇ ಬಾರದು ಎಂದು ಮೇಷ್ಟರು ತೀರ್ಮಾನಿಸಿದರು. ಸ್ಲೇಟಿನ ಮೇಲೆ ಲೆಕ್ಕ ಸರಿಯಾಗಿ ಮಾಡುವ ಹುಡುಗಿಯನ್ನು ಒಂದನೇ ಕ್ಲಾಸಿನಲ್ಲೇ ಎರಡು ವರ್ಷ ಕೂರಿಸಿದರು. ಯಾರೂ ಓದು ಎಂದು ಕೇಳದೆ ಹೋದಾಗ ಅವಳೂ ಪುಸ್ತಕ ಮುಟ್ಟುವುದನ್ನು ಬಿಟ್ಟಳು. ಈ ವರ್ಷ ತಂಗಿ ಸುನಂದ ಎರಡನೇ ಕ್ಲಾಸಿಗೆ ಬಂದಳು. ಅಕ್ಕ ಮಾತ್ರ ಇನ್ನೂ ಅಲ್ಲೇ.

ಅವಳ ಅಪ್ಪ ಧರಣೇಂದ್ರಯ್ಯನವರ ಊರೂ ಮುಳುಗಡೆಯದ್ದೇ. ತೀರ್ಥಹಳ್ಳಿಯಲ್ಲಿ ಜವಳಿ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಬೇಸಗೆಗೆ ಮುಂಚೆ ಅತ್ತ ಹೊರಡುವಾಗ ಹುಡುಗಿಯನ್ನು ನನ್ನ ಮನೆಯಲ್ಲಿ ಬಿಟ್ಟರು. "ನಿಮ್ಮ ಪ್ರಯತ್ನ ಮಾಡಿ ನೋಡಿ. ಹೊಸ ಶಾಲೆಯ ಹೆಡ್‌ಮೇಷ್ಟ್ರು ಎದುರಿಗೆ ಓದಿದ್ರೆ ತಂಗಿ ಜೊತೆ ಎರಡನೇ ಕ್ಲಾಸಿಗೆ ಸೇರಿಸ್ತಾರಂತೆ. ಓದದಿದ್ರೆ ಶಾಲೆ ಸಾಕು. ಮೂರನೇ ವರ್ಷವೂ ಸಣ್ಣ ಮಕ್ಕಳ ಮಧ್ಯೆ ಕೂರಿಸಿ ಅವಳನ್ನ ಅಳಿಸೋದು ನನ್ನ ಕೈಲಾಗಲ್ಲ" ಎಂದು ಹೇಳಿ ಕಣ್ಣೊರೆಸಿಕೊಂಡರು.

ನಾನು ಸಾಗರದಲ್ಲಿ ಹೆಣ್ಣುಮಕ್ಕಳಿಗೆ ಸಂಗೀತ ಹೇಳಿಕೊಡುವವಳು. ಅದಕ್ಕೂ ಮೊದಲು ಮೈಸೂರಿನ ಒಂದು ಆಸ್ಪತ್ರೆಯಲ್ಲಿ, ತೊದಲುವ ಮಕ್ಕಳಿಗೆ ಮಾತು ತಿದ್ದುವ ಡಾಕ್ಟರರ ಕೈಕೆಳಗೆ ಹಾಡು ಹೇಳಿಕೊಡುವ ಕೆಲಸ ಮಾಡಿದ್ದೆ. ಮಾತಾಡುವಾಗ ಸಿಕ್ಕಿಕೊಳ್ಳುವ ಮಗು ಹಾಡುವಾಗ ಸಿಕ್ಕಿಕೊಳ್ಳುವುದಿಲ್ಲ. ಅಲ್ಲಿ ಕಲಿತದ್ದು ಇಷ್ಟೇ, ಆದರೆ ಇದೇನು ಸಣ್ಣ ಸಂಗತಿಯೇ? ಪದ್ಮಾವತಿಗೆ ನಾನು ಅಕ್ಷರಗಳನ್ನು ರಟ್ಟಿನ ಮೇಲೆ ಬರೆದು ಸ್ವರಗಳ ಹಾಗೆ ಸಾಲಾಗಿ ಇಟ್ಟೆ. ಶ್ರುತಿ ಹಿಡಿದು, ಅಕ್ಷರಕ್ಕೊಂದು ತಟ್ಟು ತೊಡೆಯ ಮೇಲೆ ಹಾಕಿ, ಎಳೆದು ಹಾಡಿಸಿದೆ. ಮೊದಲು ಪದ, ಆಮೇಲೆ ಸಾಲು, ಆಮೇಲೆ ಪಾಠ. ಬೇಸಗೆ ಮುಗಿಯುವುದರೊಳಗೆ ಅವಳು ಎರಡನೇ ಕ್ಲಾಸಿನ ಪುಸ್ತಕವನ್ನು ಹಾಡಿಕೊಂಡು ಓದುತ್ತಿದ್ದಳು. ನನಗೆ ಜಂಭ ಎಂದು ಸಾಗರದಲ್ಲಿ ಹೇಳುವವರಿದ್ದಾರೆ. ಹೇಳಲಿ. ಅವಳ ಓದು ಕೇಳಿದ್ದರೆ ಅವರಿಗೂ ಜಂಭ ಬರುತ್ತಿತ್ತು.

ಒಂದೇ ಒಂದು ಕೊರತೆ. ಶ್ರುತಿಪೆಟ್ಟಿಗೆ ನಿಂತರೆ ಹುಡುಗಿಯೂ ನಿಲ್ಲುತ್ತಿದ್ದಳು. ಅದಕ್ಕೇನಂತೆ, ಪೆಟ್ಟಿಗೆಯನ್ನೇ ಶಾಲೆಗೆ ಒಯ್ದು ಹೆಡ್‌ಮೇಷ್ಟ್ರ ಮೇಜಿನ ಮೇಲಿಟ್ಟು ನುಡಿಸಿದರಾಯಿತು ಎಂದು ನಾನು ಧೈರ್ಯವಾಗಿದ್ದೆ.

ರಿಪ್ಪನ್‌ಪೇಟೆಯ ತನಕ ನನಗೆ ಒಂದೂಮುಕ್ಕಾಲು ರೂಪಾಯಿ, ಅವಳಿಗೆ ಅರ್ಧ ಟಿಕೀಟು. ಆನಂದಪುರ ದಾಟುತ್ತಿದ್ದ ಹಾಗೆ ಮಳೆ ಹಿಡಿಯಿತು. ವರ್ಷದ ಮೊದಲ ಜೋರು ಮಳೆ. ಕಿಟಕಿಯ ಪರದೆ ಇಳಿಸಿ ಕತ್ತಲಲ್ಲಿ ಕೂತೆವು. ಬಸ್ಸಿನಲ್ಲಿ ಒದ್ದೆ ಕಂಬಳಿಯ, ಬೀಡಿಯ, ಯಾರದೋ ಮಾವಿನಹಣ್ಣಿನ ಬುಟ್ಟಿಯ ವಾಸನೆ ತುಂಬಿತು.

ರಿಪ್ಪನ್‌ಪೇಟೆಯಲ್ಲಿ ಬಸ್ಸು ಬದಲಿಸಬೇಕಿತ್ತು. ಕ್ಲೀನರು ಮೇಲಿಂದ ಪೆಟ್ಟಿಗೆ ಇಳಿಸಿ ಕೊಟ್ಟ. ತಿರುವಿನಲ್ಲಿ ಒರಳುಕಲ್ಲು ಉರುಳಿ ಬಂದು ಅದರ ಮೇಲೆ ಕೂತಿತ್ತು. ಮರ ಸೀಳಿತ್ತು, ಗಾಳಿ ತುಂಬುವ ತಿದಿ ಉದ್ದಕ್ಕೆ ಹರಿದಿತ್ತು. ಒತ್ತಿದರೆ ಉಬ್ಬಸದ ಮುದುಕಿಯ ಹಾಗೆ ಒಂದು ಸುಯ್ಲು ಬಂತು, ಅಷ್ಟೇ. ಗವಸಿನೊಳಗೆ ಕನ್ನಡಕ ಪುಡಿಪುಡಿ.

ನಾನು ರಸ್ತೆಯಲ್ಲೇ ನಿಂತು ಕಂಡಕ್ಟರನ ಏಳು ತಲೆಮಾರು ಜಾಲಾಡಿದೆ. ಒರಳುಕಲ್ಲಿನ ಯಜಮಾನಿ, ಒಂದು ಕೂಸು ಕಂಕುಳಲ್ಲಿದ್ದ ಹೆಂಗಸು, ಹತ್ತಿರ ಬಂದಳು. "ತಪ್ಪಾಯ್ತು ಅಮ್ಮಾ. ಮನೇಲಿದ್ದಾಗ ಕೂತಲ್ಲೇ ಕೂತಿತ್ತು ಮುಂಡೇದು, ಇಲ್ಲಿ ಹಿಂಗೆ ಮಾಡ್ತು" ಎಂದಳು. ಮನೆಯೇ ನೀರಿಗೆ ಹೋದವಳಿಗೆ ನಾನು ಏನೆಂದು ಬಯ್ಯಲಿ? ಅಂಗಡಿ ಸಾಲಿನಲ್ಲಿ ಹಾರ್ಮೋನಿಯಂ ರಿಪೇರಿಯವರು ಯಾರಾದರೂ ಇದ್ದಾರೆಯೇ ಎಂದು ವಿಚಾರಿಸಿದೆ. ಹೋಟೆಲಿನವನು, "ಸೈಕಲ್ ಪಂಚರ್ ಹಾಕೋನಿದ್ದಾನೆ, ತೋರಿಸ್ತೀರಾ?" ಎಂದ. ಅವನು ಕೊಟ್ಟ ಇಡ್ಲಿಯೂ ಅವನ ಮಾತಿನ ಹಾಗೇ ಗಟ್ಟಿಯಾಗಿತ್ತು.

ಪದ್ಮಾವತಿ ಅಳಲಿಲ್ಲ. ಪೆಟ್ಟಿಗೆಯ ಹರಕಿನೊಳಗೆ ಬೆರಳು ಹಾಕಿ ನೋಡಿದಳು. ಆಮೇಲೆ ಹೊಸನಗರದ ತನಕ ತುಟಿ ಬಿಚ್ಚಲಿಲ್ಲ. ನನಗೆ ಅಳು ಬಂತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಮರುದಿನ ಶಾಲೆ. ಅಲ್ಲಿ ಹುಡುಗಿ ಬಾಯಿ ಕಟ್ಟಿ ನಿಂತರೆ ಅವಳ ಓದು ಅಲ್ಲಿಗೇ ಮುಗಿಯಿತು.

ಹೊಸನಗರದಲ್ಲಿ ಅವಳ ಸೋದರತ್ತೆ, ಧರಣೇಂದ್ರಯ್ಯನವರ ಅಕ್ಕ ಚಂದ್ರಮ್ಮನವರ ಮನೆ. ತಮ್ಮನ ಮಗಳು ತನ್ನ ಊರಿನ ಮೇಲೆ ಹಾದು ತನ್ನ ಮನೆಯಲ್ಲಿ ಉಣ್ಣದೆ ಹೋಗಕೂಡದು ಎಂದು ಆಕೆ ಮೊದಲೇ ಹೇಳಿ ಕಳಿಸಿದ್ದರು. ಮುಂದೆ ಪಾತ್ರೆ ಅಂಗಡಿ, ಹಿಂದೆ ಮನೆ. ಮಳೆ ಬಿಟ್ಟು ಪಡುವಣದಲ್ಲಿ ಒಂದಿಷ್ಟು ಬಿಸಿಲು ಇಣುಕುವ ಹೊತ್ತಿಗೆ ನಾವು ಜಗಲಿ ಹತ್ತಿದೆವು. ದಪ್ಪನೆಯ, ಬೆಳ್ಳನೆಯ ಹೆಂಗಸು ಬಾಗಿಲಲ್ಲಿ ನಿಂತಿದ್ದರು. ಮಾತಿಲ್ಲ. ಹುಡುಗಿಯ ಕೆನ್ನೆ ಸವರಿದರು, ನನಗೆ ಕೈಮುಗಿದರು, ಅಂಗಡಿಯ ಸ್ಲೇಟು ತಂದು ಏನೋ ಬರೆದು ನನ್ನ ಮುಖಕ್ಕೆ ಹಿಡಿದರು.

ನನಗೆ ಅಕ್ಷರವೆಲ್ಲ ಮಂಜು. ಕನ್ನಡಕ ಚೂರಾಗಿತ್ತಲ್ಲ.

"ಏನಮ್ಮ ಇದು, ಬಾಯಲ್ಲಿ ಹೇಳಬಾರ್ದಾ?" ಎಂದೆ. ಆಕೆ ತುಟಿಯ ಮೇಲೆ ಬೆರಳಿಟ್ಟು ತಲೆಯಾಡಿಸಿದರು. ಆಗ ಹೊಳೆಯಿತು. ಜೈನರ ಮನೆ, ಅಂದು ಚತುರ್ದಶಿ. ಆಕೆಗೆ ಉಪವಾಸ, ಉಪವಾಸದ ಜೊತೆಗೆ ಮೌನ. ಮರುದಿನ ಪಾರಣೆ ಆಗುವ ತನಕ ಮಾತಾಡುವುದಿಲ್ಲ. ಅಂಗಡಿ ನೋಡಿಕೊಳ್ಳುವ ಮೈದುನ ಶಿವಮೊಗ್ಗಕ್ಕೆ ಹೋಗಿದ್ದರು. ಮನೆಯಲ್ಲಿ ಬೇರೆ ಯಾರೂ ಇಲ್ಲ.

ಚಂದ್ರಮ್ಮ ಪಡುವಣಕ್ಕೆ ಕೈ ತೋರಿಸಿ ಸ್ಲೇಟನ್ನು ಮತ್ತೆ ಅಲ್ಲಾಡಿಸಿದರು. ನಾನು "ಮೊದಲು ಬಿಸಿನೀರು ಕೊಡಿ, ಮೈ ಕೈ ತೊಳ್ಕೊಳ್ತೀನಿ" ಎಂದೆ. ಆಕೆ ಇನ್ನೂ ಜೋರಾಗಿ ಅಲ್ಲಾಡಿಸಿದರು. ನನಗೂ ರೇಗಿತು. ಇಬ್ಬರು ದೊಡ್ಡವರು ಹೀಗೆ ಮೂಕರ ಹಾಗೆ ಗುದ್ದಾಡುವಾಗ ಪದ್ಮಾವತಿ ಸ್ಲೇಟಿಗೆ ಕಣ್ಣು ಹಾಯಿಸಿದಳು. ಅವಳ ಕೈ ತೊಡೆಗೆ ಹೋಯಿತು. ತಟ್ಟಿತು.

"ಊ-ಟ ಮೊ-ದ-ಲು" ಎಂದಳು. ಶ್ರುತಿ ಇಲ್ಲ, ರಾಗ ಇಲ್ಲ. ಬರೀ ತಟ್ಟು. "ಸೂ-ರ್ಯ ಮು-ಳು-ಗಿ-ದ-ರೆ ಈ ಮ-ನೆ-ಯ-ಲ್ಲಿ ಅ-ನ್ನ ಇ-ಲ್ಲ."

ಬೇಸಗೆಯುದ್ದಕ್ಕೂ ಪೆಟ್ಟಿಗೆ ಇಲ್ಲದೆ ಒಂದು ಸಾಲೂ ಓದದ ಹುಡುಗಿ! ಚಂದ್ರಮ್ಮನವರಿಗೆ ಅದರ ಬೆಲೆ ಏನು ಗೊತ್ತು? ಅವರು ನನ್ನ ರಟ್ಟೆ ಹಿಡಿದು ಎಲೆಯ ಮುಂದೆ ಕೂರಿಸಿದರು. ಅನ್ನ, ಹೆಸರುಬೇಳೆ ತೊವ್ವೆ, ಹಲಸಿನಕಾಯಿ ಪಲ್ಯ, ಹಾಲು ಪಾಯಸ. ಈರುಳ್ಳಿಯ ಸುಳಿವಿಲ್ಲ, ರುಚಿಗೆ ಕೊರತೆಯಿಲ್ಲ. ತಾವು ಹನಿ ನೀರೂ ಮುಟ್ಟದೆ ನಮಗೆ ಸುರಿಸುರಿದು ಬಡಿಸಿದರು.

ಊಟವಾದ ಮೇಲೆ ನಾನು ಒಡೆದ ಪೆಟ್ಟಿಗೆ ಬಿಚ್ಚಿ ಗೋಳು ತೋಡಿಕೊಂಡೆ. "ಎರಡು ಸಾಲು ಓದಿದ್ಲು ಸರಿ, ನಾಳೆ ಇಡೀ ಪಾಠ ಹೆಂಗೆ ಓದ್ತಾಳೆ ಇವಳು? ಇದಿಲ್ಲದೆ ಆಗಲ್ಲ" ಎಂದೆ. ಚಂದ್ರಮ್ಮ ಬಳಪ ತೆಗೆದುಕೊಂಡು ಪರಪರ ಬರೆದರು. ಓದುವವಳು ಒಬ್ಬಳೇ. ಪದ್ಮಾವತಿ ಓದಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಓದೇ, ಏನು ಬರೆದ್ರು ನಿಮ್ಮತ್ತೆ?"

ಅವಳು ತಟ್ಟತೊಡಗಿದಳು. "ಹಾ-ಡಿ ಹಾ-ಡಿ ಹು-ಡು-ಗಿ-ಯ-ನ್ನು ಹಾ-ಳು ಮಾ-ಡಿ-ದ್ದೀ-ರಿ."

ಆಹಾ! ಅತ್ತೆಯ ಬಾಯಾಗಿ ನನ್ನ ಮುಖಕ್ಕೇ ಹೇಳಿದಳು. "ಹಾಳು ಮಾಡಿದ್ನಾ? ನಾನಾ? ಇವಳಿಗೆ ಬಾಯಿ ಬರಿಸಿದ್ದೇ ನಾನು!" ಎಂದು ಏರಿ ಹೋದೆ. ಚಂದ್ರಮ್ಮ ಅಂಗೈಯಿಂದ ಒರೆಸಿ ಮತ್ತೆ ಬರೆದರು. ಹುಡುಗಿ ಮತ್ತೆ ಓದಿದಳು. ನಾನು ಮತ್ತೆ ಕೂಗಿದೆ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಮಾತೇ ಆಡದವರ ಜೊತೆಗೂ ಜಗಳವಾಡಬಹುದು ಎಂದು ನನಗೆ ಅಂದು ತಿಳಿಯಿತು. ಶ್ರುತಿಪೆಟ್ಟಿಗೆಯಿಂದ ಶುರುವಾದದ್ದು ಪಾಯಸದ ಸಕ್ಕರೆಗೆ ಹೋಯಿತು, ಸಾಗರದ ಜನರ ಗುಣಕ್ಕೆ ಹೋಯಿತು. ನಡುವೆ ಕೂತ ಪದ್ಮಾವತಿ ತೊಡೆ ತಟ್ಟುತ್ತ ಓದಿದಳು, ಓದಿದಳು. ಎರಡು ಕಡೆ ಪದ ಸಿಕ್ಕಿಕೊಂಡಿತು. ಅವಳು ಅವಸರಪಡಲಿಲ್ಲ. ಮುಂದಿನ ತಟ್ಟಿಗೆ ಕಾದು ಬಿಡಿಸಿಕೊಂಡಳು. ಕೊನೆಗೆ ಕೂಗಿ ಕೂಗಿ ನನ್ನ ಗಂಟಲೇ ಬಿತ್ತು.

ಚಂದ್ರಮ್ಮನವರಿಗೆ ಮಗುವಿಗೆ ಕಲಿಸುವ ಯಾವ ಯೋಚನೆಯೂ ಇರಲಿಲ್ಲ. ಅವರಿಗೆ ಬೇಕಾದದ್ದು ಜಗಳದಲ್ಲಿ ಗೆಲ್ಲುವುದು. ಆದರೆ ಹುಡುಗಿಗೆ ಬೇಕಾದದ್ದು ಅದರಲ್ಲೇ ದೊರಕಿತು. ಜೀವಮಾನದಲ್ಲಿ ಮೊದಲ ಸಲ, ಅವಳು ಓದದಿದ್ದರೆ ಬೇರೆಯವರ ಕೆಲಸ ನಿಲ್ಲುತ್ತಿತ್ತು.

ಮರುದಿನ ಬೆಳಗಿನ ಬಸ್ಸು. ಪಾರಣೆ ಇನ್ನೂ ಆಗಿರಲಿಲ್ಲವಾದ್ದರಿಂದ ಚಂದ್ರಮ್ಮ ಮೌನವಾಗಿಯೇ ಬಸ್ಸಿನ ತನಕ ಬಂದು ಅವಲಕ್ಕಿಯ ಪೊಟ್ಟಣ ಕೊಟ್ಟರು. ತೀರ್ಥಹಳ್ಳಿಗೆ ಇಪ್ಪತ್ತು ಮೈಲಿಗೂ ಮೇಲೆ, ಎಲ್ಲ ತಿರುವುಮುರುವು, ಎರಡು ಕಡೆ ಕಾಡು. ಹಳ್ಳಗಳಲ್ಲಿ ಕೆಂಪು ನೀರು ಇಳಿಯುತ್ತಿತ್ತು. ನನಗೆ ಕಣ್ಣು ಕಾಣದ ನೆಪ ಒಳ್ಳೆಯದೇ ಸಿಕ್ಕಿತು. "ಅದೇನು ಬೋರ್ಡೇ? ಇದೆಂತ ಮೈಲಿಗಲ್ಲೇ?" ಎಂದು ದಾರಿಯುದ್ದಕ್ಕೂ ಕೇಳಿದೆ. ಅವಳು ನನ್ನ ಮೊಣಕಾಲಿನ ಮೇಲೆ ತಟ್ಟಿ ತಟ್ಟಿ ಹೇಳಿದಳು. ಮೊಣಕಾಲು ನೋಯುತ್ತಿತ್ತು. ನೋಯಲಿ ಎಂದುಕೊಂಡೆ.

ಧರಣೇಂದ್ರಯ್ಯ ತೀರ್ಥಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಕೊಡೆ ಹಿಡಿದು ಕಾಯುತ್ತಿದ್ದರು. ಹೊಳೆಯ ಕಮಾನು ಸೇತುವೆಯ ಕಡೆ ಅವರ ಬಾಡಿಗೆ ಮನೆ. ಕಾಫಿ ಕುಡಿದು ನೇರ ಶಾಲೆಗೆ ನಡೆದೆವು. ಅವರು ಒಡೆದ ಪೆಟ್ಟಿಗೆ ನೋಡಿದರು. ಮುಖ ಸಣ್ಣಗಾಯಿತು.

ಹೆಡ್‌ಮೇಷ್ಟ್ರು ವಯಸ್ಸಾದವರು, ಕಚ್ಚೆಪಂಚೆ, ಕಪ್ಪು ಕೋಟು. ಕೆಟ್ಟವರಲ್ಲ, ಶಿಸ್ತಿನವರು. "ನಿನ್ನ ಹೆಸರೇನಮ್ಮ?" ಎಂದು ಕೇಳಿದರು. ಮೊದಲೇ ಅದನ್ನು ಕೇಳಬೇಕೇ! ಪದ್ಮಾವತಿಯ ಕತ್ತಿನ ನರ ಉಬ್ಬಿತು. ತುಟಿ ಅಂಟಿಕೊಂಡಿತು. ಧರಣೇಂದ್ರಯ್ಯ, "ಪದ್ಮಾವತಿ ಅಂತ ಸಾರ್" ಎಂದು ತಾವೇ ಹೇಳಿದರು.

"ಆಯ್ತು. ಓದ್ತಾಳಾ?" ಎಂದು ಒಂದನೇ ಕ್ಲಾಸಿನ ಪುಸ್ತಕ ಕೊಟ್ಟರು.

ಅವಳ ಕೈ ತೊಡೆಯ ಕಡೆ ಹೋಯಿತು. ಹೆಡ್‌ಮೇಷ್ಟ್ರು, "ಹಂಗಲ್ಲ. ಕೈ ಕಟ್ಟಿ ನಿಂತು ಓದಬೇಕು. ಪುಸ್ತಕ ಮೇಜಿನ ಮೇಲಿರಲಿ" ಎಂದರು.

ನಮ್ಮ ಎಲ್ಲ ಶಾಲೆಗಳಲ್ಲೂ ಹಾಗೇ ಅಲ್ಲವೇ? ದೊಡ್ಡವರ ಎದುರು ಕೈ ಕಟ್ಟಬೇಕು. ಎಷ್ಟೋ ಮಕ್ಕಳಿಗೆ ಪಾಠ ಹೇಳಿಕೊಟ್ಟ ನನಗೆ ಇದೊಂದು ಹೊಳೆದಿರಲಿಲ್ಲ. ಪೆಟ್ಟಿಗೆ ಹೋಯಿತು, ಈಗ ತಟ್ಟೂ ಹೋಯಿತು. "ಸಾರ್, ಅದು ಅವಳ ತಾಳ" ಎಂದು ಶುರು ಮಾಡಿದೆ. "ನೀವು ಸುಮ್ಮನಿರಿ ಅಮ್ಮಾ. ಓದೋದು ಅವಳು" ಎಂದರು. ಜೀವನದಲ್ಲಿ ಮೊದಲ ಬಾರಿಗೆ ನಾನು ಸುಮ್ಮನಾದೆ.

ಪದ್ಮಾವತಿ ಕೈ ಕಟ್ಟಿದಳು. ಸದ್ದಿಲ್ಲ. ಹೊರಗೆ ಹೆಂಚಿನಿಂದ ನೀರು ತೊಟ್ಟಿಕ್ಕುವುದು ಕೇಳುತ್ತಿತ್ತು. ಧರಣೇಂದ್ರಯ್ಯ ಗೋಡೆಯ ಕಡೆ ಮುಖ ತಿರುಗಿಸಿದರು. ನಾನು ತಲೆ ತಗ್ಗಿಸಿದೆ. ಆಗ ಅವಳ ಕಾಲು ಕಂಡಿತು. ದೂರದ್ದು ನನಗೆ ಕನ್ನಡಕ ಇಲ್ಲದೆಯೂ ಕಾಣುತ್ತದೆ. ಬಲಗಾಲಿನ ಹೆಬ್ಬೆರಳು ಗಾರೆ ನೆಲದ ಮೇಲೆ ಏಳುತ್ತಿತ್ತು, ಬೀಳುತ್ತಿತ್ತು. ಎರಡು ಸಲ ಬರೀ ಬೆರಳು. ಮೂರನೆಯದಕ್ಕೆ ದನಿ ಬಂತು.

ಓದಿದಳು. ನಿಧಾನ, ಒಂದೊಂದು ಅಕ್ಷರಕ್ಕೂ ಬೆರಳಿನ ಒಂದು ತಟ್ಟು. ಪುಸ್ತಕದಲ್ಲಿದ್ದದ್ದನ್ನೇ ಓದುತ್ತಿದ್ದಾಳೋ, ಬಾಯಿಗೆ ಬಂದದ್ದು ಹೇಳುತ್ತಿದ್ದಾಳೋ ನೋಡಲು ನನಗೆ ಪುಟ ಕಾಣದು. ಹೆಡ್‌ಮೇಷ್ಟ್ರ ಮುಖವನ್ನೇ ನೋಡುತ್ತ ನಿಂತೆ. ಅವರು ಪುಟ ಮಗುಚಿದರು. ಇನ್ನೊಂದು ಮಗುಚಿದರು. ಪುಸ್ತಕ ಮುಚ್ಚಿ, ಎರಡನೇ ಕ್ಲಾಸಿನದನ್ನು ತೆಗೆದು ನಡುವೆ ಎಲ್ಲೋ ಬಿಡಿಸಿ ಇಟ್ಟರು. ಅವಳು ಅದನ್ನೂ ಓದಿದಳು. ಒಂದು ಕಡೆ ಸಿಕ್ಕಿಕೊಂಡಳು. ಬೆರಳು ನಿಂತಿತು. ಬೆರಳು ಮತ್ತೆ ಬಿದ್ದಿತು, ಸಾಲು ಮುಂದೆ ಹೋಯಿತು. ಆಮೇಲೆ ಸ್ಲೇಟು ಕೊಟ್ಟು ಲೆಕ್ಕ ಮಾಡಿಸಿದರು. ಲೆಕ್ಕ ಅವಳಿಗೆ ಯಾವಾಗಲೂ ನೀರು ಕುಡಿದಷ್ಟು ಸುಲಭ.

"ಇವಳನ್ನ ಎರಡನೇ ಕ್ಲಾಸಿಗೆ ಯಾಕೆ ಸೇರಿಸ್ಲಿ ಧರಣೇಂದ್ರಯ್ಯ?" ಎಂದರು ಹೆಡ್‌ಮೇಷ್ಟ್ರು. ಧರಣೇಂದ್ರಯ್ಯ ಕೈಮುಗಿದು ಮುಂದೆ ಬಂದರು. "ಅಲ್ಲಿ ಕಲಿಯೋದನ್ನ ಆಗಲೇ ಕಲಿತಾಗಿದೆಯಲ್ಲ. ವಯಸ್ಸೂ ಸರಿಯಾಗಿದೆ. ಮೂರನೇ ಕ್ಲಾಸಿಗೆ ಕೂರಲಿ." ಹಾಜರಿ ಪುಸ್ತಕ ತೆಗೆದು ಲೇಖನಿ ಅದ್ದಿದರು. "ಹೆಸರು ಏನಂದ್ರಿ?"

ಅಪ್ಪ ಎಂದಿನ ಹಾಗೆ ಬಾಯಿ ತೆರೆದರು. ಪದ್ಮಾವತಿ ಅಪ್ಪನ ಅಂಗಿಯ ತುದಿ ಹಿಡಿದು ಎಳೆದಳು. "ಪ..." ಎಂದಳು. ಸಿಕ್ಕಿಕೊಂಡಿತು. "ಪ... ಪ..." ಬೆರಳು ನೆಲಕ್ಕೆ ಬಡಿಯುತ್ತಿತ್ತು. ಹೆಡ್‌ಮೇಷ್ಟ್ರು ಲೇಖನಿ ಎತ್ತಿ ಹಿಡಿದೇ ಕಾದರು. ಆ ಪುಣ್ಯಾತ್ಮ ಒಂದು ಅಕ್ಷರ ಮುಂದೆ ಹೇಳಿಕೊಡಲಿಲ್ಲ. ಅದಕ್ಕೆ ಅವರ ಹಿಂದಿನ ಶಿಸ್ತನ್ನೆಲ್ಲ ನಾನು ಮಾಫಿ ಮಾಡಿದೆ.

"ಪ-ದ್ಮಾ-ವ-ತಿ."

ತೊದಲು ಹೋಯಿತೇ ಎಂದು ಕೇಳುವವರಿಗೆ ಹೇಳುತ್ತೇನೆ, ಹೋಗಿಲ್ಲ. ಇರಲಿ ಬಿಡಿ. ತೊದಲು ಇದ್ದೂ ಅವಳು ಹೇಳಿದಳು, ಓದಿದಳು. ಧರಣೇಂದ್ರಯ್ಯ ಶಾಲೆಯ ಮೆಟ್ಟಿಲ ಮೇಲೆ ಕೂತು ಮಕ್ಕಳ ಹಾಗೆ ಅತ್ತುಬಿಟ್ಟರು. ಕೊಡೆ ಒಳಗೇ ಮರೆತರು. ಸುನಂದ ಓಡಿ ಬಂದು, "ಅಕ್ಕ, ನೀನು ಯಾವ ಕ್ಲಾಸು?" ಎಂದು ಕೇಳಿದಾಗ ಪದ್ಮಾವತಿ ಮೂರು ಬೆರಳು ಎತ್ತಿದಳು. ಬಾಯಿ ಇದ್ದೂ ಬೆರಳು ಎತ್ತಿದ್ದು ಬರೀ ಬಿಂಕಕ್ಕೆ. ಬಿಂಕ ನನ್ನಿಂದಲೇ ಕಲಿತದ್ದು.

ಎರಡು ದಿನ ಅವರ ಮನೆಯಲ್ಲಿ ಉಂಡು, ಮೂರನೆಯ ದಿನ ಹಿಂದಕ್ಕೆ ಹೊರಟೆ. ಶ್ರುತಿಪೆಟ್ಟಿಗೆ ಈ ಸಲ ಮಡಿಲಲ್ಲೇ. ಮಳೆ ಸಣ್ಣಗೆ ಹನಿಯುತ್ತಿತ್ತು. ಹೊಸನಗರದಲ್ಲಿ ಬಸ್ಸು ನಿಲ್ಲುವಾಗ ಚಂದ್ರಮ್ಮ ಆಗಲೇ ರಸ್ತೆಯಲ್ಲಿ ನಿಂತಿದ್ದರು. ತಲೆಯ ಮೇಲೆ ಸೆರಗು, ಕಂಕುಳಲ್ಲಿ ಅದೇ ಸ್ಲೇಟು, ಅಂಗಡಿಯಿಂದ ಎದ್ದು ಹಾಗೇ ಓಡಿ ಬಂದಿದ್ದರು. ಮೌನ ಮುಗಿದಿತ್ತು. ಅಯ್ಯಪ್ಪಾ, ಆ ಹೆಂಗಸಿನ ಬಾಯಿ!

"ಬಂದ್ರಾ? ನಿನ್ನೆಯಿಂದ ಬಂದ ಬಸ್ಸಿಗೆಲ್ಲ ಬಂದು ನೋಡ್ತಿದೀನಿ. ಎಂತ ಆಯ್ತು? ಓದಿದ್ಲಾ? ತಂಗಿ ಜೊತೆ ಸೇರಿಸಿದ್ರಾ ಇಲ್ವಾ? ಬಾಯಿ ಬಿಡಿ ಮಾರಾಯ್ರೆ, ಅವತ್ತು ಅಷ್ಟು ಕೂಗಾಡಿದ್ರಿ, ಇವತ್ತು ಎಂತ ಆಯ್ತು ನಿಮಗೆ?"

ನಾನು ಬಾಯಿ ತೆರೆದೆ. ಮಾತು ಹೊರಡಲಿಲ್ಲ. ಶಾಲೆಯಲ್ಲಿ ಅಳದೆ ನುಂಗಿದ್ದು, ಎರಡು ದಿನ ನಗುತ್ತ ಕಳೆದದ್ದು ಎಲ್ಲ ಈಗ ಗಂಟಲಿಗೆ ಬಂದು ಕೂತಿತ್ತು. ಮೊದಲ ಅಕ್ಷರವೇ ಸಿಕ್ಕಿಕೊಂಡಿತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಸಂತೋಷಕ್ಕೆ ಎದೆ ಒಡೆಯುವ ಹಾಗಿತ್ತು. ಚಂದ್ರಮ್ಮನವರ ಮುಖ ಬಿಳಿಚಿಕೊಂಡಿತು. ಅಪಾರ್ಥ ಮಾಡಿಕೊಂಡರು ಎಂದು ಹೊಳೆದು ಕಿಟಕಿಯಿಂದ ಕೈ ಚಾಚಿ ಅವರ ಕಂಕುಳಿನ ಸ್ಲೇಟನ್ನೇ, ಅದಕ್ಕೆ ಕಟ್ಟಿದ್ದ ಬಳಪದ ಸಮೇತ, ಕಿತ್ತುಕೊಂಡೆ. ಕಾಣದ ಕಣ್ಣಲ್ಲೇ ದೊಡ್ಡದಾಗಿ ಬರೆದು ಹಿಂದಕ್ಕೆ ಕೊಟ್ಟೆ.

ಆಕೆ ಓದಿದರು. ಒಮ್ಮೆ ತಮ್ಮಷ್ಟಕ್ಕೆ, ಇನ್ನೊಮ್ಮೆ ಊರಿಗೆಲ್ಲ ಕೇಳುವ ಹಾಗೆ. ಒಂದೊಂದು ಅಕ್ಷರಕ್ಕೂ ಬಸ್ಸಿನ ತಗಡಿಗೆ ಅಂಗೈಯಿಂದ ಬಡಿದರು. "ಮೂ! ರ! ನೇ! ಕ್ಲಾ! ಸು!"

ಬಡಿತ ಕೇಳಿದ ಡ್ರೈವರು ಕಂಡಕ್ಟರೇ ರೈಟ್ ಕೊಟ್ಟನೆಂದುಕೊಂಡು ಬಸ್ಸು ಬಿಟ್ಟುಬಿಟ್ಟ. ಕಂಡಕ್ಟರು ಚಹಾ ಲೋಟ ಹಿಡಿದು ಹಿಂದೆ ಓಡಿ ಬಂದ. ನಾನು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದೆ. ಚಂದ್ರಮ್ಮ ಮಳೆಯಲ್ಲಿ ನಡುರಸ್ತೆಯಲ್ಲಿ ನಿಂತು, ಅಕ್ಷರ ಅಳಿಸಿ ಹೋಗದಿರಲಿ ಎಂದು ಸ್ಲೇಟನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದರು.